ಮಾವನವರು ಗಾಡಿ ಹಿಂದಕ್ಕೆ ತೆಗೆಸಿದ ಬೆಳಿಗ್ಗೆ

ಕ್ಯಾಲಿಫೋರ್ನಿಯಾದ ರಾಂಚೊ ಬರ್ನಾರ್ಡೊದ ನಮ್ಮ ಮನೆಗೆ ಯಾರೇ ಊಟಕ್ಕೆ ಬರಲಿ, ನನ್ನ ಗಂಡ ಒಂದು ಕಥೆಯನ್ನು ಹೇಳದೆ ಬಿಡುವುದಿಲ್ಲ. ಕ್ಯಾಂಪರ್ ವ್ಯಾನ್ ತೆಗೆದುಕೊಂಡು ನಾವು ಐವರು ಸಮುದ್ರದ ಅಂಚಿನಲ್ಲಿ ಐದು ದಿನ ಸುತ್ತಿದ್ದು, ಮೂರನೆಯ ಬೆಳಿಗ್ಗೆ ನಾನು ಒಂದು ಪಾತ್ರೆ ದೋಸೆ ಹಿಟ್ಟನ್ನು ಬಂಡೆಯ ಮೇಲೆ ಚೆಲ್ಲಿದ್ದು, ಆಮೇಲೆ ಹಿಟ್ಟಿಗಾಗಿ ಕೂತು ಅತ್ತಿದ್ದು. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ, ಏಕೆಂದರೆ ಅದರಲ್ಲಿ ಸುಳ್ಳೇನೂ ಇಲ್ಲ; ಅವರು ಹೇಳದೆ ಬಿಡುವ ಒಂದು ಭಾಗವಿದೆ, ಅಷ್ಟೇ. ಆದರೆ ಕಥೆ ಶುರುವಾದ ಕೂಡಲೇ ನನ್ನ ಅಂಗೈ ಬೆವರುತ್ತದೆ. ಹಿಟ್ಟು ಚೆಲ್ಲಿದ ಆ ಗಳಿಗೆಯಲ್ಲಿ ನನ್ನ ಮಾವನವರಿಗೂ ಸಾವಿಗೂ ನಡುವೆ ಇದ್ದದ್ದು ಒಂದೇ ಒಂದು ಹೆಜ್ಜೆ. ಅದನ್ನು ಕಣ್ಣಾರೆ ನೋಡಿದವಳು ನಾನೊಬ್ಬಳೇ.

ಕಾರ್ಲ್ಸ್‌ಬಾಡ್‌ನ ಒಂದು ಲ್ಯಾಬಿನಲ್ಲಿ ನನಗೆ ಕೆಲಸ. ಅಲ್ಲಿ ಒಂದು ಸೀಸೆ ಒಡೆದರೂ ವರದಿ ಬರೆಯಬೇಕು: ಏನಾಯಿತು, ಯಾರು ಎಲ್ಲಿ ನಿಂತಿದ್ದರು, ಏನು ಮಾಡಿದ್ದರೆ ತಪ್ಪುತ್ತಿತ್ತು. ಆ ಬೆಳಗಿನ ವರದಿಯನ್ನು ನಾನು ಮನಸ್ಸಿನಲ್ಲೇ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಒಂದು ಕಡೆ ಬಂದು ನಿಂತುಬಿಡುತ್ತೇನೆ. ಆ ಜಾಗ ಯಾವುದೆಂದು ಮುಂದೆ ಹೇಳುತ್ತೇನೆ.

ಅದು ೨೦೦೫ರ ಮೇ ತಿಂಗಳು. ಅತ್ತೆ, ಮಾವ ಹುಬ್ಬಳ್ಳಿಯಿಂದ ಬಂದು ಎರಡು ತಿಂಗಳಾಗಿತ್ತು. ಅತ್ತೆಗೆ ಹೊತ್ತು ಹೋಗುವುದು ಕಷ್ಟವಿರಲಿಲ್ಲ. ನಮ್ಮ ಆರು ವರ್ಷದ ಮಗಳಿಗೆ ಜಡೆ ಹಾಕುವುದು, ರೊಟ್ಟಿ ಬಡಿಯುವುದು, ಪಕ್ಕದ ಬೀದಿಯ ಕನ್ನಡದವರ ಮನೆಗೆ ಹೋಗಿ ಅವರ ಸೊಸೆಯ ಬಗ್ಗೆ ಕೇಳಿಕೊಂಡು ಬರುವುದು. ಕಷ್ಟವಿದ್ದದ್ದು ಮಾವನವರಿಗೆ. ಬಸ್ ಡಿಪೋದಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತರಾದವರು. ಬೆಳಗಾಗುವ ಮೊದಲೇ ನೂರಾರು ಬಸ್ಸುಗಳನ್ನು ಸಾಲುಹಿಡಿಸಿ ಹೊರಗೆ ಕಳಿಸುತ್ತಿದ್ದ ಮನುಷ್ಯ ನಮ್ಮ ಬೀದಿಯ ತುದಿಯವರೆಗೆ ನಡೆದು, ಅಲ್ಲಿ ಒಂದು ನಿಮಿಷ ನಿಂತು, ವಾಪಸ್ ಬರುತ್ತಿದ್ದರು. ಇಲ್ಲಿ ಬಸ್ಸೂ ಇಲ್ಲ, ಮಾತಾಡಿಸುವವರೂ ಇಲ್ಲ. ಒಂದು ದಿನ ಕಸದ ಗಾಡಿಯ ಡ್ರೈವರ್ ಗಾಡಿ ತಿರುಗಿಸುವಾಗ ಇವರು ಓಡಿಹೋಗಿ ಕೈ ಬೀಸಿ ದಾರಿ ತೋರಿಸಿದ್ದರಂತೆ. ಡ್ರೈವರ್ ನಕ್ಕು ಹಾರ್ನ್ ಹೊಡೆದನಂತೆ. ಆ ದಿನವಿಡೀ ಮಾವನವರು ಖುಷಿಯಾಗಿದ್ದರು.

ಹಾಗಾಗಿ ಕ್ಯಾಂಪರ್ ವ್ಯಾನಿನ ಯೋಚನೆ ಬಂದಾಗ ಎಲ್ಲರಿಗಿಂತ ಮೊದಲು ಹೂಂ ಅಂದವರು ಅವರೇ. ಲಾಸ್ ಏಂಜಲೀಸಿನಲ್ಲಿ ಬಾಡಿಗೆಗೆ ಕೊಡುವವರ ಅಂಗಳದಲ್ಲಿ ನಮ್ಮ ಕಾರು ಬಿಟ್ಟು ವ್ಯಾನ್ ತೆಗೆದುಕೊಳ್ಳುವುದು, ಸಮುದ್ರದ ಪಕ್ಕದ ರಸ್ತೆ ಹಿಡಿದು ಉತ್ತರಕ್ಕೆ ಬಿಗ್ ಸರ್ ಎಂಬ ಬೆಟ್ಟದ ಕರಾವಳಿಯ ಕಡೆ ಹೋಗುವುದು, ಐದನೆಯ ದಿನ ವಾಪಸ್ ತಂದುಕೊಡುವುದು. ಅಂಗಳದಲ್ಲಿ ವ್ಯಾನಿನ ಸುತ್ತ ಮಾವನವರು ಎರಡು ಸುತ್ತು ಬಂದರು. ಟೈರು ಒದ್ದರು. ಬಗ್ಗಿ ಕೆಳಗೆ ನೋಡಿದರು. ಅಲ್ಲಿನ ಹುಡುಗಿ ಕೊಟ್ಟ ಕಾಗದವನ್ನು ನನ್ನ ಗಂಡ ಓದಿ ಸಹಿ ಹಾಕುವಷ್ಟರಲ್ಲಿ ಇವರ ತಪಾಸಣೆ ಮುಗಿದಿತ್ತು.

"ಗಾಡಿ ಛಲೋ ಐತಿ. ಆದ್ರ ಹಿಂದ ಏನೂ ಕಾಣಂಗಿಲ್ಲ. ಮನೀನ ಕಟ್ಟ್ಯಾರ ಹಿಂದ," ಅಂದರು.

ಮನೆ ಎಂದದ್ದು ಸರಿಯಾಗಿಯೇ ಇತ್ತು. ಒಳಗೆ ಒಂದು ಒಲೆ, ಮೊಣಕೈಯಗಲದ ಸಿಂಕು, ಮಡಚುವ ಹಾಸಿಗೆ, ಪುಟ್ಟ ಫ್ರಿಜ್ಜು, ಕದ ತೆರೆದರೆ ಕಾಲಿಡಲು ಜಾಗವಿಲ್ಲದಂಥ ಬಚ್ಚಲು. ಅತ್ತೆ ಬಚ್ಚಲ ಕದ ತೆರೆದು ನೋಡಿ ಕೂಡಲೇ ಮುಚ್ಚಿದರು.

"ಅಡಗಿ ಮಾಡೂ ಜಾಗದ ಬಾಜೂಕ ಇದು. ನಾ ಅಂತೂ ಇದರಾಗ ಹೋಗೂದಿಲ್ಲ. ಐದು ದಿನ ತಡಕೋತೀನಿ ಬೇಕಾದ್ರ."

"ಐದು ದಿನ ತಡಕೊಂಡ್ರ ಗಾಡಿ ಜೊತಿ ನಿನ್ನೂ ಇಲ್ಲೇ ಒಪ್ಪಿಸಿ ಹೋಗಬೇಕಾಗ್ತೈತಿ," ಎಂದರು ಮಾವ.

ಅತ್ತೆಯ ಇನ್ನೊಂದು ಚಿಂತೆ ರಂಗೋಲಿಯದು. ಮನೆ ಎಂದ ಮೇಲೆ ಬಾಗಿಲಿದೆ, ಬಾಗಿಲಿದ್ದ ಮೇಲೆ ರಂಗೋಲಿ ಬೇಡವೇ? ಹಾಗಾಗಿ ಗಾಡಿ ನಿಂತಲ್ಲೆಲ್ಲ, ಹತ್ತು ನಿಮಿಷದ ಮಟ್ಟಿಗೆ ನಿಂತರೂ, ಮೆಟ್ಟಿಲ ಮುಂದೆ ಬೆರಳಲ್ಲಿ ಮಣ್ಣು ಸವರಿ ನಾಲ್ಕೆಳೆ ರಂಗೋಲಿ ಬಿಡುತ್ತಿದ್ದರು. ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಎಲ್ಲೆಲ್ಲಿ ನಮ್ಮ ಮನೆಯಿತ್ತು ಎಂಬುದಕ್ಕೆ ಒಂದು ವಾರದ ಮಟ್ಟಿಗಾದರೂ ಸಾಕ್ಷಿ ಉಳಿದಿರಬೇಕು.

ಮೊದಲ ದಿನ ಊರುಗಳಿದ್ದವು. ಎರಡನೆಯ ದಿನ ಮಧ್ಯಾಹ್ನದ ಹೊತ್ತಿಗೆ ಊರುಗಳು ಮುಗಿದವು. ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ, ನಡುವೆ ಎರಡು ಗಾಡಿಗಳಷ್ಟೇ ಅಗಲದ ರಸ್ತೆ. ಫೋನಿನ ಸಿಗ್ನಲ್ ಹೋಯಿತು. ಗಂಟೆಗೊಂದು ಮನೆ ಕಂಡರೆ ಹೆಚ್ಚು. ಮಾವನವರು ಮುಂದಿನ ಸೀಟಿನಲ್ಲಿ ಕೂತು ಕಿಟಕಿಯಿಂದ ಒಂದೇ ಸಮನೆ ನೋಡುತ್ತಿದ್ದವರು ಕೊನೆಗೆ ಮಗನಿಗೆ ತಮ್ಮ ತೀರ್ಪು ಹೇಳಿದರು.

"ತಮ್ಮಾ, ಇಷ್ಟು ದೂರ ಬಂದೀವಿ, ಒಂದ ಸ್ಟಾಪ್ ಇಲ್ಲ, ಒಬ್ಬ ಪ್ಯಾಸೆಂಜರ್ ಇಲ್ಲ. ಈ ರೂಟು ಲಾಸಿನಾಗ ನಡದೈತಿ."

ಆನೆ ಸೀಲು ಎಂಬ ಭಾರೀ ಮೈಯ ಕಡಲ ಪ್ರಾಣಿಗಳು ಮಲಗುವ ತೀರದಲ್ಲಿ ನಿಲ್ಲಿಸಿದೆವು. ನೂರಾರು ಪ್ರಾಣಿಗಳು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ಯಾವುದೋ ಒಂದು ಆಕಳಿಸುವುದು, ಪಕ್ಕದ್ದನ್ನು ತಳ್ಳುವುದು, ಅದು ಬೈಯುವುದು. ಮಾವನವರು ಬೇಲಿ ಹಿಡಿದು ತುಂಬ ಹೊತ್ತು ನಿಂತರು. "ಬೆಳಗಿನ ಮೊದಲನೇ ಬಸ್ಸಿಗೆ ಬಸ್ ಸ್ಟ್ಯಾಂಡಿನಾಗ ಮಲಕೊಂಡವ್ರು ಹಿಂಗ ಇರ್ತಾರ ನೋಡವಾ," ಎಂದು ಮೊಮ್ಮಗಳಿಗೆ ಹೇಳಿದರು. ಅವಳು, "ಅಜ್ಜ, ದೇ ಡೋಂಟ್ ಹ್ಯಾವ್ ಟಿಕೆಟ್ಸ್!" ಎಂದಳು. ಇವರಿಗೆ ಅಷ್ಟು ಇಂಗ್ಲಿಷ್ ಸಾಕು. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ನಕ್ಕರು.

ಇನ್ನೊಂದು ವಿಷಯ ಆ ಎರಡು ದಿನಗಳಲ್ಲಿ ನಡೆಯಿತು. ಮಾವನವರಿಗೆ ಕೆಲಸ ಸಿಕ್ಕಿತು. ನನ್ನ ಗಂಡನಿಗೆ ಅಷ್ಟು ಉದ್ದದ ಗಾಡಿಯನ್ನು ಹಿಂದಕ್ಕೆ ತೆಗೆದು ಅಭ್ಯಾಸವಿರಲಿಲ್ಲ. ಮೊದಲ ರಾತ್ರಿ ತಂಗುವ ಜಾಗದಲ್ಲಿ ಎರಡು ಮರಗಳ ನಡುವೆ ಗಾಡಿ ಸೇರಿಸಲು ಒದ್ದಾಡುತ್ತಿದ್ದಾಗ ಮಾವ ಇಳಿದು ಹಿಂದೆ ಹೋಗಿ ನಿಂತರು. "ನೀ ಕನ್ನಡಿ ನೋಡಬ್ಯಾಡ. ನನ್ನ ಧ್ವನಿ ಕೇಳು," ಎಂದರು. ಆಮೇಲೆ ಶುರುವಾಯಿತು. "ಬರ್ಲಿ... ಬರ್ಲಿ... ಬರ್ಲಿ ಬರ್ಲಿ... ಸ್ವಲ್ಪ ಎಡಕ್ಕ... ಹಾಂ, ಹಂಗ ಬರ್ಲಿ... ಸಾಕ್!" ಅಂಗೈಯಿಂದ ಗಾಡಿಯ ಬೆನ್ನಿಗೆ ಒಂದು ಏಟು. ಗಾಡಿ ಗೆರೆ ಎಳೆದಂತೆ ನಿಂತಿತ್ತು. ನಮ್ಮ ಕಡೆ ಯಾವ ಬೀದಿಯಲ್ಲಿ ಯಾವ ಗಾಡಿ ಹಿಂದಕ್ಕೆ ಬಂದರೂ, ಗುರುತಿಲ್ಲದವನಾದರೂ ಒಬ್ಬ ಹಿಂದೆ ನಿಂತು ಬರ್ಲಿ ಬರ್ಲಿ ಅನ್ನುತ್ತಾನಲ್ಲ, ಅದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ. ಆದರೆ ಇವರದು ಬೇರೆಯೇ ದರ್ಜೆ. ಪಕ್ಕದ ಟೆಂಟಿನ ವಯಸ್ಸಾದ ದಂಪತಿ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದರು. ಎರಡು ತಿಂಗಳಲ್ಲಿ ಮೊದಲ ಸಲ ಮಾವನವರ ಬೆನ್ನು ನೆಟ್ಟಗಾದದ್ದನ್ನು ಕಂಡೆ. ಆಮೇಲೆ ಪೆಟ್ರೋಲ್ ಹಾಕಿಸುವಲ್ಲಿ, ಹಣ್ಣಿನ ಅಂಗಡಿಯ ಮುಂದೆ, ಬೇಕಿರಲಿ ಬೇಡವಾಗಿರಲಿ, ಅವರು ಇಳಿದು ಹಿಂದೆ ನಿಲ್ಲುವುದೇ.

ಮೂರನೆಯ ಬೆಳಿಗ್ಗೆ ತಂಗಿದ್ದ ಜಾಗದಿಂದ ಬೇಗ ಹೊರಟು, ತಿಂಡಿಗೆಂದು ರಸ್ತೆಯ ಸಮುದ್ರದ ಬದಿಯ ಒಂದು ಅಗಲವಾದ ಮಣ್ಣಿನ ಜಾಗದಲ್ಲಿ ನಿಲ್ಲಿಸಿದೆವು. ಬೆಳಗಿನ ಮಂಜು ಸಮುದ್ರದಿಂದ ಮೇಲೇರಿ ಬರುತ್ತಿತ್ತು. ಒಮ್ಮೆ ಎಲ್ಲ ಬಿಳಿ, ಒಮ್ಮೆ ತೆರವು. ಹೊರಡುವಾಗ ಸುಲಭವಾಗಲಿ ಎಂದು ಗಂಡ ಗಾಡಿಯನ್ನು ತಿರುಗಿಸಿ, ಮೂತಿ ರಸ್ತೆಯ ಕಡೆ, ಬೆನ್ನು ಸಮುದ್ರದ ಕಡೆ ಮಾಡಿ ನಿಲ್ಲಿಸಿದರು. ನಾನು ತವಾ ಕಾಯಿಸಿ ಹಿಟ್ಟು ಹೊಯ್ದೆ. ಬೆಂಗಳೂರಿನವಳು ನಾನು, ಎಲ್ಲಿ ಹೋದರೂ ಹಿಟ್ಟು ರುಬ್ಬಿ ಒಯ್ಯುವವಳು. ಹೊಯ್ದ ಹಿಟ್ಟು ಸೌಟಿನ ಮಾತು ಕೇಳಲಿಲ್ಲ. ಮೆಲ್ಲಗೆ ಹಿಂದಕ್ಕೆ ಹರಿದು ತವಾದ ಅಂಚಿನಲ್ಲಿ ದಪ್ಪಗೆ ಕೂತಿತು. ಎರಡನೆಯದೂ ಹಾಗೆಯೇ.

ಮಾವನವರು ಬಾಗಿಲಲ್ಲಿ ಇಣುಕಿದರು. "ಯಾಕವಾ, ನಿಮ್ಮ ಬೆಂಗಳೂರ ದೋಸಿ ಗುಂಡಗ ಬರವಲ್ದು?"

"ಗಾಡಿ ಹಿಂದಕ್ಕೆ ಇಳಿಜಾರಾಗಿದೆ ಮಾವ. ದೋಸೆ ಸಮುದ್ರದ ಕಡೆ ಓಡ್ತಾ ಇದೆ."

"ರೊಟ್ಟಿ ಆಗಿದ್ರ ಎಲ್ಲೂ ಓಡ್ತಿರಲಿಲ್ಲ," ಎಂದರು ಒಳಗೆ ಕೂತಿದ್ದ ಅತ್ತೆ, ತಮ್ಮ ರೊಟ್ಟಿಯ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು.

"ಸ್ವಲ್ಪ ಸಮ ಇರೋ ಕಡೆ ನಿಲ್ಲಿಸಿದ್ರೆ ಚೆನ್ನಾಗಿತ್ತು," ಎಂದೆ ನಾನು. ಆ ಮಾತು ನನ್ನದೇ. ವರದಿಯಲ್ಲಿ ಇದನ್ನು ಪ್ರತಿ ಸಲವೂ ಬರೆದುಕೊಳ್ಳುತ್ತೇನೆ.

ಮಾವನವರು ಹಿಂದೆ ಹೋಗಿ ನೋಡಿ ಬಂದರು. ಹತ್ತು ಹೆಜ್ಜೆ ಹಿಂದೆ ನೆಲ ಸಮವಾಗಿದೆ, ಹಸಿರು ಶುರುವಾಗುವ ಕಡೆ, ಎಂದರು. ಅದೂ ಸುಳ್ಳಲ್ಲ. ದಪ್ಪ ದಪ್ಪ ಎಲೆಗಳ ಒಂದು ಬಳ್ಳಿ ಅಲ್ಲೆಲ್ಲ ಹಬ್ಬಿ, ಗುಲಾಬಿ ಬಣ್ಣದ ಹೂ ಬಿಟ್ಟು, ಜಮಖಾನೆ ಹಾಸಿದ ಹಾಗಿತ್ತು. ಅದರಾಚೆ ಬರೀ ಮಂಜು. ಹಸಿರು ಇರುವಷ್ಟು ದೂರ ನೆಲವಿದೆ ಎಂದು ಯಾರಿಗಾದರೂ ಅನ್ನಿಸಬೇಕು.

ಗಾಡಿ ಅಲುಗಿದರೆ ಹಿಟ್ಟು ತುಳುಕುತ್ತದೆಂದು ಒಲೆ ಆರಿಸಿ, ಸ್ಟೀಲ್ ಪಾತ್ರೆ ಎತ್ತಿಕೊಂಡು ಮಗಳ ಜೊತೆ ಕೆಳಗಿಳಿದೆ. ಪಕ್ಕದಲ್ಲಿ ಒಂದು ಬಂಡೆಯಿತ್ತು, ಅದರ ಹತ್ತಿರ ನಿಂತೆವು. ಅತ್ತೆ ಒಳಗೇ ಇದ್ದರು. ಗಂಡ ಸ್ಟೇರಿಂಗ್ ಹಿಡಿದರು. ಮಾವ ಗಾಡಿಯ ಹಿಂದೆ, ಸಮುದ್ರಕ್ಕೆ ಬೆನ್ನು ಕೊಟ್ಟು ನಿಂತರು. ಮೈಮೇಲೆ ಕಂದು ಸ್ವೆಟರ್, ತಲೆಗೆ ಮಫ್ಲರ್, ಕಾಲಿಗೆ ಮಗ ಕೊಡಿಸಿದ ಬಿಳಿ ಸ್ಪೋರ್ಟ್ಸ್ ಶೂ.

"ಬರ್ಲಿ... ಬರ್ಲಿ..."

ಗಾಡಿ ಒಂದು ಹೆಜ್ಜೆ ಬಂದರೆ ಅವರು ಒಂದು ಹೆಜ್ಜೆ ಹಿಂದೆ. ಎರಡೂ ಕೈ ಮೇಲೆತ್ತಿ, ಬಾ ಬಾ ಎಂದು ಬೆರಳು ಮಡಚುತ್ತ, ಕಣ್ಣು ಗಾಡಿಯ ಬೆನ್ನಿನ ಮೇಲೆ. ಮಣ್ಣು ಮುಗಿಯಿತು. ಹಸಿರಿನ ಮೇಲೆ ಕಾಲಿಟ್ಟರು. "ಬರ್ಲಿ ಬರ್ಲಿ, ಇನ್ನಾ ಜಾಗ ಐತಿ..." ಆಗ ಗಾಳಿ ಬೀಸಿ ಮಂಜು ಹರಿಯಿತು. ನಾನು ನಿಂತದ್ದು ಪಕ್ಕಕ್ಕೆ. ಅಲ್ಲಿ ಪ್ರಪಾತದ ಅಂಚು ಒಳಕ್ಕೆ ಬಾಗಿತ್ತು. ಹಾಗಾಗಿ ಅವರ ಕಾಲ ಕೆಳಗಿದ್ದದ್ದು ಅವರಿಗೆ ಕಾಣದಿದ್ದರೂ ನನಗೆ ಕಂಡಿತು. ಬಳ್ಳಿ ನೆಲವನ್ನು ದಾಟಿ, ಗಾಳಿಯಲ್ಲಿ ಸೂರಿನ ಹಾಗೆ ಚಾಚಿಕೊಂಡಿತ್ತು. ಕೆಳಗೆ ಬೇರುಗಳು ಜೋತಾಡುತ್ತಿದ್ದವು. ಆ ಹಸಿರಿನ ಅಡಿಯಲ್ಲಿ, ಮಾವನವರು ಮುಂದಿನ ಹೆಜ್ಜೆ ಇಡಬೇಕಾದ ಜಾಗದ ಕೆಳಗೆ, ಒಂದು ಬಿಳಿ ಹಕ್ಕಿ ಹಾರಿಹೋಯಿತು.

ನಾನು ಬಾಯಿ ತೆರೆದೆ. ಮಾವ ಅನ್ನಬೇಕೋ, ಗಂಡನನ್ನು ಕರೆಯಬೇಕೋ, ನಿಲ್ಲಿ ಅನ್ನಬೇಕೋ, ಮೂರೂ ಒಟ್ಟಿಗೆ ನುಗ್ಗಿ ಒಂದೂ ಹೊರಬರಲಿಲ್ಲ. ಅವರ ಬಲಗಾಲು ಹಿಂದಕ್ಕೆ ಎದ್ದಿತು. ಬಿಳಿ ಶೂವಿನ ಹಿಮ್ಮಡಿ.

ಮುಂದೆ ಕೇಳಿಸಿದ್ದು ಠಣ್ ಎನ್ನುವ ಶಬ್ದ. ಪಾತ್ರೆ ಬಂಡೆಯ ಮೇಲಿತ್ತು. ಗಂಡ ಬ್ರೇಕ್ ಹಾಕಿದರು. ಎದ್ದಿದ್ದ ಕಾಲನ್ನು ಮಾವನವರು ಹಿಂದೆ ಇಡದೆ, ನನ್ನ ಕಡೆ ತಿರುಗಿ, ಮುಂದಿಟ್ಟರು. ಇನ್ನೊಂದು ಹೆಜ್ಜೆ ಇಟ್ಟರು. ಮಣ್ಣಿನ ಮೇಲೆ ಬಂದರು.

"ಅಯ್ಯ ಯವ್ವಾ! ಹಿಟ್ಟು ಎಲ್ಲಾ ಹೋತಲ್ಲ!"

ವರದಿ ಬಂದು ನಿಲ್ಲುವುದು ಇಲ್ಲಿಯೇ. ಪಾತ್ರೆಯನ್ನು ನಾನು ಎಸೆದೆನೋ, ಕೈಯಿಂದ ಜಾರಿತೋ? ಎಸೆದಿದ್ದರೆ ನಾನು ಅವರನ್ನು ಉಳಿಸಿದವಳು. ಜಾರಿದ್ದರೆ ಬರೀ ನಿಂತು ನೋಡಿದವಳು. ನನ್ನ ಬೆರಳುಗಳಿಗೆ ಅದು ನೆನಪಿಲ್ಲ.

ಆಮೇಲೆ ನಡೆದದ್ದು ನನ್ನ ಗಂಡ ಹೇಳುವ ಕಥೆಯಂತೆಯೇ. ನಾನು ಬಂಡೆಯ ಪಕ್ಕದಲ್ಲಿ ಕುಸಿದು ಕೂತು ಅಳಲು ಶುರುಮಾಡಿದೆ. ಎಲ್ಲರೂ ಸುತ್ತ ಸೇರಿದರು. ಎಲ್ಲರೂ ಹಿಟ್ಟಿನ ಬಗ್ಗೆಯೇ ಸಮಾಧಾನ ಮಾಡಿದರು.

"ಹಿಟ್ಟಿಗೆ ಯಾರರೆ ಅಳ್ತಾರೇನ?" ಎಂದು ಅತ್ತೆ ನನ್ನ ತಲೆ ಸವರಿದರು. "ರೊಟ್ಟಿ ಅದಾವು, ಶೇಂಗಾ ಚಟ್ನಿ ಐತಿ. ನಾ ಸುಮ್ಮನ ಚ್ಯಾಷ್ಟಿಗೆ ಅಂದೆ, ದೋಸಿ ಬ್ಯಾಡ ಅಂತ ಅಲ್ಲ."

"ಮನೆಗೆ ಹೋದ್ಮೇಲೆ ನಾನೇ ರುಬ್ಬಿ ಕೊಡ್ತೀನಿ, ಆಯ್ತಾ? ಇಷ್ಟಕ್ಕೆಲ್ಲ ಅಳ್ತಾರೇನೇ?" ಎಂದರು ಗಂಡ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಗ್ರೈಂಡರ್ ಮುಟ್ಟದ ಮನುಷ್ಯ.

ಎಲ್ಲಿಂದಲೋ ಹಕ್ಕಿಗಳು ಬಂದು ಬಂಡೆಯ ಮೇಲಿನ ಹಿಟ್ಟನ್ನು ಕುಕ್ಕತೊಡಗಿದವು. ಮಗಳು ಚಪ್ಪಾಳೆ ತಟ್ಟಿ ಕುಣಿದಳು. "ನೋಡವಾ, ನಿಮ್ಮ ಬೆಂಗಳೂರ ದೋಸಿ ಇವಕ್ಕ ಹಸೀದ ಸೇರ್ತೈತಿ," ಎಂದರು ಮಾವ. ನಾನು ಅಳುತ್ತಲೇ ನಕ್ಕೆ. ಗಂಡ ಮತ್ತೆ ಸ್ಟೇರಿಂಗ್ ಕಡೆ ಹೊರಟಾಗ ಮಾತ್ರ ಎದ್ದು ನಿಂತು, "ಇಲ್ಲಿ ಬೇಡ. ತುಂಬ ಗಾಳಿ. ನೆಟ್ಟಗೆ ಮುಂದಕ್ಕೆ ಹೋಗೋಣ," ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಯಾರೂ ಎದುರಾಡಲಿಲ್ಲ.

ಆ ದಿನವೆಲ್ಲ ನನಗೆ ಒಂದೇ ಯೋಚನೆ. ಹೇಳಬೇಕು. ಹೇಳದಿದ್ದರೆ ಮುಂದಿನ ನಿಲುಗಡೆಯಲ್ಲಿ ಮತ್ತೆ ಇಳಿದು ಹಿಂದೆ ನಿಲ್ಲುತ್ತಾರೆ. ಈ ರಸ್ತೆಯಲ್ಲಿ ಎಲ್ಲಿ ನಿಂತರೂ ಒಂದು ಕಡೆ ಸಮುದ್ರವೇ. ಹೇಳಿದರೆ? ಎರಡು ತಿಂಗಳ ಮೇಲೆ ನೆಟ್ಟಗಾದ ಬೆನ್ನು ಮತ್ತೆ ಬಾಗುತ್ತದೆ. ಅವರಿಗೆ ಈ ದೇಶದಲ್ಲಿ ಇದ್ದ ಒಂದೇ ಕೆಲಸವನ್ನು ನಾನು ಕಿತ್ತುಕೊಂಡ ಹಾಗಾಗುತ್ತದೆ. ಹೇಳಲಾರದೆ ಏನು ಮಾಡಿದೆನೆಂದರೆ, ಗಾಡಿ ನಿಧಾನವಾದ ಕೂಡಲೇ ಎಲ್ಲರಿಗಿಂತ ಮೊದಲು ಬಾಗಿಲು ತೆರೆದು ಹಾರಿ, ನಾನೇ ಹಿಂದೆ ಹೋಗಿ ನಿಲ್ಲತೊಡಗಿದೆ. ಎರಡು ಸಲ ಹೀಗಾಯಿತು. ಮೂರನೆಯ ಸಲ ಮಾವನವರು ನನ್ನನ್ನೇ ನೋಡುತ್ತ ನಿಂತರು.

ಮರುದಿನ ಬೆಳಿಗ್ಗೆ ಒಂದು ಹಳ್ಳ ಸಮುದ್ರ ಸೇರುವ ಮರಳಿನ ತೀರದಲ್ಲಿ ಇಳಿದಿದ್ದೆವು. ಗಂಡ ಮತ್ತು ಅತ್ತೆ ಚಹಾ ಮಾಡುತ್ತಿದ್ದರು. ಮಗಳು ಚಿಪ್ಪು ಹೆಕ್ಕುತ್ತ ಮುಂದೆ ಓಡುತ್ತಿದ್ದಳು. ನಾನೂ ಮಾವನವರೂ ಅವಳ ಹಿಂದೆ ನಡೆಯುತ್ತಿದ್ದೆವು.

"ಯಾಕವಾ," ಎಂದರು, "ನನ್ನ ಡ್ಯೂಟಿ ಕಸಗೊಳ್ಳಾಕತ್ತೀಯಲ್ಲ? ನಾ ಏನರೆ ತಪ್ಪು ಮಾಡಿದ್ನಾ?"

ಹೇಳಿದೆ. ಮಂಜು, ಬಳ್ಳಿ, ಹಕ್ಕಿ, ಎತ್ತಿದ ಕಾಲು. ಹೇಳುವಾಗ ಅವರ ಮುಖ ನೋಡಲಾಗದೆ ಮರಳನ್ನೇ ನೋಡುತ್ತಿದ್ದೆ. ಮುಗಿದ ಮೇಲೆ ಅವರು ಬೆಚ್ಚಲಿಲ್ಲ, ದೇವರ ಹೆಸರೆತ್ತಲಿಲ್ಲ. ಪ್ರಶ್ನೆ ಕೇಳಿದರು, ಒಂದೊಂದಾಗಿ, ಬಿಡಿಸಿ ಬಿಡಿಸಿ.

"ನೀ ಎಲ್ಲಿ ನಿಂತಿದ್ದಿ?"

"ಬಂಡೆ ಹತ್ರ. ಗಾಡಿ ಎಡಕ್ಕೆ."

"ನನ್ನ ಕಾಲು ಎದ್ದಿತ್ತೋ, ಊರಿತ್ತೋ?"

"ಬಲಗಾಲು ಎದ್ದಿತ್ತು ಮಾವ."

"ಎಡಗಾಲಿನ ಕೆಳಗ ನೆಲ ಇತ್ತಾ?"

"ಅರ್ಧ."

ಅಲೆ ತಂದುಹಾಕಿದ್ದ ಒಂದು ಮರದ ದಿಮ್ಮಿಯ ಮೇಲೆ ಅವರು ಕೂತರು. ಮಫ್ಲರ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. ಗಾಳಿಗೆ ಅವರ ಬಿಳಿ ಕೂದಲು ಎದ್ದು ನಿಂತವು. ಮಗಳು ಒಂದು ಚಿಪ್ಪು ತಂದು ಅವರ ಕೈಯಲ್ಲಿಟ್ಟು ಓಡಿದಳು. ಅದನ್ನು ಹಿಡಿದುಕೊಂಡೇ ಕೂತಿದ್ದರು. ನನಗೆ ಭಯವಾಯಿತು. ಹೇಳಬಾರದಿತ್ತು ಎನ್ನಿಸಿತು.

"ಹಿಂದ ನಿಲ್ಲಬಾರದು," ಎಂದರು ಕೊನೆಗೆ. "ಗಾಡಿ ಹಿಂದ ತಗಸೋವಾಗ ನಟ್ಟನಡುವ ಹಿಂದ ನಿಲ್ಲಬಾರದು. ಬಾಜೂಕ ನಿಲ್ಲಬೇಕು. ಡ್ರೈವರ್ ಕನ್ನಡ್ಯಾಗ ನಾವು ಕಾಣಬೇಕು. ಒಂದ ಹೆಜ್ಜಿ ಇಡೂ ಮೊದಲ ತಿರುಗಿ ನೋಡಬೇಕು. ಹೊಸಾ ಹುಡುಗೂರು ಬಂದ್ರ ಮೊದಲನೇ ದಿನ ಇದನ್ನ ಕಲಸ್ತಿದ್ದೆ ನಾ. ಒಬ್ಬಾವ ಕೇಳಲಿಲ್ಲ ಅಂತ ಮೆಮೋ ಕೊಟ್ಟೀನಿ."

"ಮತ್ತೆ ನೀವು ಯಾಕೆ ಮಾವ..."

"ಎಲ್ಲಾರೂ ನೋಡಾಕತ್ತಿದ್ರಲ್ಲವಾ," ಎಂದರು. "ಚಪ್ಪಾಳಿ ತಟ್ಟಿದ್ರು. ಕನ್ನಡಿ ನೋಡಬ್ಯಾಡ ಅಂತ ಡ್ರೈವರ್‌ಗೆ ಹೇಳಿದೆ ನೋಡು! ಡಿಪೋದಾಗ ಯಾರರೆ ಹಂಗ ಅಂದಿದ್ರ ಕಪಾಳಕ್ಕ ಹೊಡೀತಿದ್ದೆ."

ಅವರ ಮುಖದಲ್ಲಿ ಏನೋ ನಿರ್ಧಾರವಾದ ಹಾಗೆ ಕಂಡಿತು. ಎದ್ದು ನಿಂತು ಪ್ಯಾಂಟಿನ ಮರಳು ಕೊಡವಿದರು.

"ಸಸ್ಪೆಂಡ್."

"ಯಾರು?"

"ನಾ. ಗಾಡಿ ವಾಪಸ್ ಕೊಡೂತನಕ ಸಸ್ಪೆಂಡ್. ನನ್ನ ಜಾಗಾಕ್ಕ ನೀನು. ಕಲಸಿ ಕೊಡ್ತೀನಿ, ಬಾ."

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಗಂಭೀರವಾಗಿಯೇ ಹೇಳುತ್ತಿದ್ದರು. ಮರಳಿನ ಮೇಲೆ ಬೆರಳಿನಿಂದ ಗಾಡಿಯ ಚಿತ್ರ ಬಿಡಿಸಿ, ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ತೋರಿಸಿದರು. ಆಮೇಲೆ ಧ್ವನಿ ತಗ್ಗಿಸಿದರು.

"ನಿಮ್ಮ ಅತ್ತಿಗೆ ಹೇಳಬ್ಯಾಡ. ನಿನ್ನ ಗಂಡಗೂ ಹೇಳಬ್ಯಾಡ."

"ಅವರಿಗೆ ಗೊತ್ತಾಗಬೇಕಲ್ವಾ ಮಾವ?"

"ಗೊತ್ತಾಗಬೇಕು. ನಾನ ಹೇಳ್ತೀನಿ. ಆದ್ರ ಸ್ಟೇರಿಂಗ್ ಅವನ ಕೈಯಾಗ ಇರೂತನಕ ಹೇಳಬಾರದು. ಇನ್ನಾ ಎರಡು ದಿನ ಈ ರಸ್ತಾದಾಗ ಅವನ ನಮ್ಮನ್ನ ಕರಕೊಂಡು ಹೋಗಬೇಕು. ಕೈ ನಡುಗೂ ಡ್ರೈವರ್ ಗಾಡಿ ನನಗ ಬ್ಯಾಡ."

ನನಗೆ ಅದು ಹೊಳೆದೇ ಇರಲಿಲ್ಲ. ನಾನು ನೋಡಿದ್ದು ಹಿಂದೆ ಸರಿಯುತ್ತಿದ್ದವರನ್ನು. ಅವರನ್ನು ಹಿಂದೆ ಸರಿಸುತ್ತಿದ್ದವರು ಗಾಡಿಯಲ್ಲಿದ್ದ ಅವರ ಮಗ. ಒಂದು ಹೆಜ್ಜೆ ಹೆಚ್ಚಾಗಿದ್ದರೆ, ಅವನು ಬದುಕಿಡೀ ಏನನ್ನು ಹೊತ್ತುಕೊಂಡು ಓಡಾಡುತ್ತಿದ್ದ ಎಂಬುದನ್ನು ಮಾವನವರು ದಿಮ್ಮಿಯ ಮೇಲೆ ಕೂತ ಆ ಐದು ನಿಮಿಷದಲ್ಲಿ ಯೋಚಿಸಿದ್ದರು.

ಆ ದಿನ ಸಂಜೆ ಬಿಸಿಲಿರುವಾಗಲೇ ತಂಗುವ ಜಾಗ ತಲುಪಿದೆವು. ಗಂಡ ರೂಢಿಯಂತೆ, "ಅಪ್ಪಾ, ಹಿಂದ ನೋಡ್ತೀರೇನು?" ಎಂದರು.

"ನಾ ಸಸ್ಪೆನ್ಶನ್ ಮ್ಯಾಲ ಅದೀನಿ," ಎಂದರು ಮಾವ, ಸೀಟಿನಿಂದ ಏಳದೆ.

"ಯಾಕ್ರೀ, ಏನ್ ಮಾಡಿದ್ರಿ?" ಎಂದು ಅತ್ತೆ ಕೇಳಿದರು.

"ಅದು ಆಫೀಸಿನ ಗುಟ್ಟು. ಹೆಂಡ್ತೇರಿಗೆ ಹೇಳೂ ಹಂಗಿಲ್ಲ."

"ಅಜ್ಜ ಗಾಟ್ ಅ ಟೈಮ್‌ಔಟ್!" ಎಂದು ಮಗಳು ಕಿರುಚಿದಳು. ತಪ್ಪು ಮಾಡಿದ ಮಕ್ಕಳನ್ನು ಮೂಲೆಯಲ್ಲಿ ಕೂರಿಸುವ ಶಿಕ್ಷೆ ಅಜ್ಜನಿಗೂ ಬಂತೆಂದು ಅವಳಿಗಂತೂ ಹಿಡಿಸಲಾರದ ಸಂತೋಷ.

ನಾನು ಇಳಿದೆ. ಬದಿಗೆ ನಿಂತೆ. ಕನ್ನಡಿಯಲ್ಲಿ ಗಂಡನ ಮುಖ ಕಂಡಿತು. "ಬರ್ಲಿ," ಎಂದೆ. ನನ್ನ ಧ್ವನಿ ನನಗೇ ಹಾಸ್ಯಾಸ್ಪದವಾಗಿತ್ತು. ಗಾಡಿಯ ಕಿಟಕಿಯಿಂದ ಮಾವನವರ ಅರ್ಧ ಮೈ ಹೊರಗೆ ಬಂದಿತ್ತು.

"ಗಟ್ಟ್ಯಾಗಿ ಹೇಳವಾ! ಅವಾ ಡ್ರೈವರ್ ಅದಾನ, ಗಂಡ ಅಲ್ಲ ಈಗ!"

"ಬರ್ಲಿ! ಬರ್ಲಿ! ಎಡಕ್ಕೆ... ಅಯ್ಯೋ, ನಿಮ್ಮ ಎಡಕ್ಕಲ್ಲ, ನನ್ನ ಎಡಕ್ಕೆ!"

"ಎಡಕ್ಕ ಅಂದ್ರ ಯಾವತ್ತೂ ಡ್ರೈವರಂದು!" ಕಿಟಕಿಯಿಂದ ಗುಡುಗು. "ನಿಂದು ಅಲ್ಲ!"

ಊಟದ ಮೇಜಿಗೆ ಗಾಡಿಯ ಬಂಪರ್ ತಾಗಿ ಮೇಜು ಒಂದು ಗೇಣು ಸರಿಯಿತು. ಎಲ್ಲರೂ ನಕ್ಕರು, ಗಂಡನೂ. ಮಾವನವರು ನಗುತ್ತಿದ್ದರೂ ಅವರ ಕಣ್ಣು ಮೇಜಿನ ಮೇಲಿರಲಿಲ್ಲ, ನನ್ನ ಕಾಲುಗಳ ಮೇಲಿತ್ತು. ನಾನು ಹೆಜ್ಜೆ ಇಟ್ಟಾಗಲೆಲ್ಲ ನನ್ನ ಹಿಂದೆ ಏನಿದೆಯೆಂದು ಅವರು ನೋಡುತ್ತಿದ್ದರು.

ಐದನೆಯ ದಿನ ಮಧ್ಯಾಹ್ನ ಲಾಸ್ ಏಂಜಲೀಸಿನ ಅಂಗಳಕ್ಕೆ ಬಂದೆವು. ಅಲ್ಲಿನವರು ಗಾಡಿ ನೋಡಿ, ಬಂಪರಿನ ಗೀರು ಸವರಿ, ಬೀಗದ ಕೈ ತೆಗೆದುಕೊಂಡರು. ನಾವು ಸಾಮಾನುಗಳನ್ನು ನಮ್ಮ ಕಾರಿಗೆ ಹಾಕಿದೆವು. ಮಾವನವರು ಮಗನ ಹೆಗಲ ಮೇಲೆ ಕೈ ಹಾಕಿ, "ಬಾ ತಮ್ಮಾ, ಅಲ್ಲೆ ನೆರಳಿಗೆ ಹೋಗೂಣು," ಎಂದು ಬೇಲಿಯ ಕಡೆಗೆ ಕರೆದೊಯ್ದರು.

ಅತ್ತೆ ರೊಟ್ಟಿ ಡಬ್ಬಿ ಎಲ್ಲಿಟ್ಟೆ ಎಂದು ನನ್ನನ್ನು ಕೇಳುತ್ತಿದ್ದರು. ನಾನು ಏನೋ ಉತ್ತರ ಕೊಡುತ್ತಿದ್ದೆ. ದೂರದಿಂದ ಮಾತು ಕೇಳಿಸುತ್ತಿರಲಿಲ್ಲ. ಮಾವನವರ ಕೈಗಳು ಮಾತ್ರ ಕಾಣುತ್ತಿದ್ದವು. ಒಂದು ಕೈ ಗಾಡಿಯಾಯಿತು, ಇನ್ನೊಂದು ಕೈ ದಡವಾಯಿತು. ಎರಡು ಬೆರಳು ಅವರ ಕಾಲುಗಳಾದವು. ನನ್ನ ಗಂಡ ಮೊದಲು ನಗುತ್ತಿದ್ದರು. ಆಮೇಲೆ ನಗಲಿಲ್ಲ. ಆಮೇಲೆ ಅಲ್ಲೇ ಸಿಮೆಂಟಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಮಾವನವರು ಪಕ್ಕದಲ್ಲಿ ಕೂತು ಅವರ ಬೆನ್ನಿನ ಮೇಲೆ ಕೈಯಿಟ್ಟರು.

"ಏನದು, ಅಪ್ಪ ಮಗ ಅಲ್ಲೇ ಕುಂತ್ರು?" ಎಂದರು ಅತ್ತೆ.

"ಡಿಪೋ ವಿಷಯ ಮಾತಾಡ್ತಿದ್ದಾರೆ ಅತ್ತೆ," ಎಂದೆ.

ಅವರು ಎದ್ದು ಬರಲು ತುಂಬ ಹೊತ್ತು ಹಿಡಿಯಿತು. ಗಂಡನ ಕಣ್ಣು ಕೆಂಪಾಗಿತ್ತು. ನನ್ನ ಹತ್ತಿರ ಬಂದು, ಹಿಟ್ಟಿನ ಪಾತ್ರೆ ಹಿಡಿದಿದ್ದ ನನ್ನ ಬಲಗೈಯನ್ನು ತೆಗೆದುಕೊಂಡು ಅಂಗೈ ನೋಡಿದರು, ಅಲ್ಲಿ ಏನೋ ಗಾಯವಿರಬೇಕು ಎನ್ನುವ ಹಾಗೆ. ಮಾವನವರು ಅಷ್ಟರಲ್ಲಿ ಕಾರಿನ ಪಕ್ಕಕ್ಕೆ ಹೋಗಿ ನಿಂತಿದ್ದರು. ಹಿಂದೆ ಅಲ್ಲ, ಬದಿಗೆ. ನಮ್ಮ ಕಾರನ್ನೂ ಹಿಂದಕ್ಕೆ ತೆಗೆದೇ ಹೊರಡಬೇಕಿತ್ತು.

"ಸಸ್ಪೆನ್ಶನ್ ಮುಗೀತು," ಎಂದರು. "ನಡೀ, ಹತ್ತು. ಕನ್ನಡಿ ನೋಡು."

ಗಂಡ ಕಾರು ಹತ್ತಿ ಕನ್ನಡಿಯನ್ನು ಸರಿಮಾಡಿಕೊಂಡರು. ಮತ್ತೆ ಸರಿಮಾಡಿಕೊಂಡರು. ಕಾರು ಹೊರಡಲಿಲ್ಲ. ಮಾವನವರು ಅವಸರ ಮಾಡಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಮಗನ ಕನ್ನಡಿಯಲ್ಲಿ ತಾನು ಪೂರ್ತಿ ಕಾಣುವಲ್ಲಿಯೇ ನಿಂತು, ಕಾಯುತ್ತಿದ್ದರು.